ಪ್ರಸಾರ ಭಾರತಿಯ ಬಿಡುಗಡೆಗೆ ಯಾರ ಸಹಿ?

ಕೇಂದ್ರ ಬಜೆಟ್ಟಿನಲ್ಲಿ ಪ್ರಸಾರ ಭಾರತಿಯ ಹೆಸರಿನ ಮುಂದೆ ವರ್ಷವರ್ಷವೂ ಎರಡೂವರೆ ಸಾವಿರ ಕೋಟಿ ರೂಪಾಯಿಯ ಆಸುಪಾಸಿನ ಮೊತ್ತವೊಂದು ಇರುತ್ತದೆ. ಆಕಾಶವಾಣಿ, ದೂರದರ್ಶನ ಎರಡಕ್ಕೂ ಸೇರಿದ ಹಣ ಅದು. ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಪತ್ರಿಕೆಯಲ್ಲಿ ಆ ಅಂಕಿ ಬಂದ ದಿನ ನಮ್ಮೂರ ಗ್ರಂಥಾಲಯದ ಕಟ್ಟೆಯ ಮೇಲೆ ಎರಡು ಮಾತು ಕಿವಿಗೆ ಬೀಳುತ್ತವೆ. 'ಯಾರೂ ನೋಡದ ಚಾನೆಲ್ಲಿಗೆ ಇಷ್ಟು ದುಡ್ಡು ಯಾಕ್ರೀ?' ಎಂದು ಒಬ್ಬರು. 'ಸರ್ಕಾರದ ಅನ್ನ ಉಂಡೋರು ಸರ್ಕಾರದ ಹಾಡು ಹಾಡದೆ ಇನ್ನೇನ್ ಮಾಡ್ತಾರ್ರೀ?' ಎಂದು ಇನ್ನೊಬ್ಬರು. ಮೊದಲನೆಯವರಿಗೆ ಹಣ ನಿಲ್ಲಬೇಕು. ಎರಡನೆಯವರು, ಹಣ ಸರ್ಕಾರದ್ದಾಗಿರುವ ತನಕ ಅಲ್ಲಿಂದ ನೇರ ಮಾತು ಹೊರಡದು ಎಂದು ಕೈಚೆಲ್ಲಿದವರು.

ಖಜಾನೆಯಲ್ಲಿ ಬಿಲ್ಲು ಪಾಸು ಮಾಡುತ್ತಲೇ ತಲೆ ನರೆಸಿಕೊಂಡ ನನಗೆ ಈ ಎರಡೂ ಮಾತು ಒಪ್ಪಿಗೆಯಾಗುವುದಿಲ್ಲ. ಹಣ ಯಾರದು, ಎಷ್ಟು ಎನ್ನುವುದನ್ನು ಎಲ್ಲರೂ ಕೇಳುತ್ತಾರೆ. ಅದನ್ನು ನಡುದಾರಿಯಲ್ಲಿ ಯಾರು ತಡೆಯಬಲ್ಲರು, ಎಷ್ಟು ದಿನ ತಡೆಯಬಲ್ಲರು ಎಂದು ಕೇಳುವವರು ಕಡಿಮೆ. ಒಂದು ಸಂಸ್ಥೆ ತಲೆಯೆತ್ತಿ ಮಾತಾಡುತ್ತದೋ ಇಲ್ಲವೋ ಎನ್ನುವುದು ತೀರ್ಮಾನವಾಗುವುದು ಅಲ್ಲೇ.

ಉಪಖಜಾನೆಯೊಂದರಲ್ಲಿ ಇದ್ದಾಗ ಕಂಡದ್ದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಅನುದಾನಿತ ಪ್ರೌಢಶಾಲೆಯೊಂದರ ಹೆಡ್ಮಾಸ್ಟರು ತಿಂಗಳ ಕೊನೆಗೆ ತಪ್ಪದೆ ಬರುತ್ತಿದ್ದರು. ಕಂಕುಳಲ್ಲಿ ರೆಗ್ಜಿನ್ ಚೀಲ, ಅದರೊಳಗೆ ಸಂಬಳದ ಬಿಲ್ಲಿನ ನಕಲು, ಹಾಜರಿಯ ಪ್ರತಿ. ಒಂದು ವರ್ಷ ಆ ಶಾಲೆಯ ಬಿಲ್ಲು ನಮ್ಮ ಕೌಂಟರಿಗೆ ಬರುವುದೇ ನಿಂತುಹೋಯಿತು. ಮೇಲಿನಿಂದ ಅನುದಾನ ಬಿಡುಗಡೆಯಾಗಿಲ್ಲ. ಕೇಳಿದರೆ 'ಕೆಲವು ಮಾಹಿತಿ ಕೋರಿದೆ' ಎಂಬ ಉತ್ತರ. ಆ ಮಾಹಿತಿ ಕೊಟ್ಟರೆ ಇನ್ನೊಂದು ಮಾಹಿತಿ. ಶಾಲೆಯ ಆಡಳಿತ ಮಂಡಳಿಯ ಹಿರಿಯರೊಬ್ಬರು ಸಭೆಯೊಂದರಲ್ಲಿ ಸ್ಥಳೀಯ ಮುಖಂಡರೊಬ್ಬರ ವಿರುದ್ಧ ಮಾತಾಡಿದ್ದು ಊರಿಗೆಲ್ಲ ಗೊತ್ತಿತ್ತು. ಕಡತದಲ್ಲಿ ಅದರ ಸುಳಿವೂ ಇರಲಿಲ್ಲ. ಆ ವರ್ಷದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಯಾರಾಗಿದ್ದರೆಂದು ಬಿಡಿಸಿ ಹೇಳಬೇಕಿಲ್ಲ. ಅದಾದ ಸ್ವಲ್ಪ ದಿನಕ್ಕೇ ಬಾಕಿ ಸಂಬಳವೆಲ್ಲ ಒಟ್ಟಿಗೆ ಬಂತು. ಯಾರೂ ಲಿಖಿತ ಆದೇಶ ಕೊಟ್ಟಿರಲಿಲ್ಲ, ಯಾರೂ ಬೆದರಿಸಿರಲಿಲ್ಲ, ಒಂದು ರೂಪಾಯಿ ಕಡಿತವೂ ಆಗಿರಲಿಲ್ಲ. ಹೆಡ್ಮಾಸ್ಟರು ಮಾತ್ರ ಅಲ್ಲಿಂದಾಚೆಗೆ ಊರ ಸಭೆಗಳಲ್ಲಿ ಮೈಕು ಹಿಡಿಯಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಖಜಾನೆಯ ಲೋಕಕ್ಕೆ ಅದಕ್ಕಿಂತ ಸರಿಯಾದ ಗಾದೆ ಇಲ್ಲ. ಸದನ ಮಂಜೂರು ಮಾಡಿದ ಹಣಕ್ಕೂ ಸಂಸ್ಥೆಯ ಖಾತೆಗೆ ಜಮೆಯಾಗುವ ಹಣಕ್ಕೂ ನಡುವೆ ಒಬ್ಬ ಪೂಜಾರಿ ನಿಂತಿರುತ್ತಾನೆ. ಪ್ರಸಾರ ಭಾರತಿಯ ಮಟ್ಟಿಗೆ ಆ ಪೂಜಾರಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ.

ಇದು ಊಹೆಯ ಮಾತೇನಲ್ಲ. 2018ರ ಆರಂಭದಲ್ಲಿ ಪ್ರಸಾರ ಭಾರತಿಯ ಅಂದಿನ ಅಧ್ಯಕ್ಷ ಎ. ಸೂರ್ಯಪ್ರಕಾಶ್ ಅವರೇ ಬಹಿರಂಗವಾಗಿ ಹೇಳಿದರು: ಸಚಿವಾಲಯ ಸಂಬಳದ ಹಣ ಬಿಡುಗಡೆ ಮಾಡಿಲ್ಲ, ಜನವರಿ ಮತ್ತು ಫೆಬ್ರುವರಿಯ ಸಂಬಳವನ್ನು ಸಂಸ್ಥೆ ತನ್ನ ತುರ್ತು ನಿಧಿಯಿಂದ ಕೊಟ್ಟಿದೆ, ಹೀಗೇ ಹೋದರೆ ಏಪ್ರಿಲ್ ಹೊತ್ತಿಗೆ ಅದೂ ಬರಿದಾಗುತ್ತದೆ. ಸಚಿವಾಲಯ ಈ ಆರೋಪವನ್ನು ಅಲ್ಲಗಳೆಯಿತು. ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನ ಪಡೆಯುವ ಸಂಸ್ಥೆ ಸಚಿವಾಲಯದ ಜೊತೆ ಒಡಂಬಡಿಕೆಗೆ ಸಹಿ ಹಾಕಬೇಕು, ಪ್ರಸಾರ ಭಾರತಿ ಹಾಕಿಲ್ಲ ಎಂಬುದು ಅದರ ವಾದ. ಅದೇ ದಿನಗಳಲ್ಲಿ ಗುತ್ತಿಗೆ ನೌಕರರ ವಿಷಯ, ಖಾಸಗಿ ಕಂಪನಿಯೊಂದಕ್ಕೆ ಪಾವತಿ ಮಾಡುವ ವಿಷಯಗಳಲ್ಲಿ ಇಬ್ಬರ ನಡುವೆ ಜಟಾಪಟಿ ನಡೆದಿತ್ತು. ಯಾರ ವಾದ ಸರಿ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ನಿಯಮದ ಪುಸ್ತಕ ತೆರೆದರೆ ಸಚಿವಾಲಯದ ಮಾತಿಗೂ ಆಧಾರ ಸಿಕ್ಕೀತು. ನಿಯಮ ಯಾವಾಗಲೂ ಇರುತ್ತದೆ, ಅದನ್ನು ನೆನಪಿಸಿಕೊಳ್ಳುವ ಹೊತ್ತನ್ನು ಆರಿಸಿಕೊಳ್ಳುವುದರಲ್ಲಿ ಅಧಿಕಾರ ಇರುತ್ತದೆ. ಇದನ್ನು ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ.

ಜನರೇ ನೇರವಾಗಿ ದುಡ್ಡು ಕೊಟ್ಟರೆ ಸಂಸ್ಥೆ ತಾನಾಗಿ ಸ್ವತಂತ್ರವಾಗುತ್ತದೆ ಎನ್ನುವವರಿದ್ದಾರೆ. ಆ ಪ್ರಯೋಗ ನಮ್ಮಲ್ಲಿ ಆಗಿಹೋಗಿದೆ. 1980ರ ದಶಕದ ಮಧ್ಯದವರೆಗೂ ರೇಡಿಯೊಗೆ ಲೈಸೆನ್ಸ್ ಇತ್ತು. ನಮ್ಮಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹದಿನೈದು ರೂಪಾಯಿ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. ಆ ಪುಸ್ತಕ ಜಮೀನಿನ ಕಾಗದಪತ್ರಗಳ ಜೊತೆ ಟ್ರಂಕಿನಲ್ಲಿರುತ್ತಿತ್ತು. ಹೀಗೆ ಲಕ್ಷಾಂತರ ಮನೆಗಳು ಕೈಯಾರೆ ಶುಲ್ಕ ಕಟ್ಟುತ್ತಿದ್ದ ಕಾಲದಲ್ಲೇ ತುರ್ತು ಪರಿಸ್ಥಿತಿ ಬಂತು. 1975ರ ಜೂನ್ 26ರ ಬೆಳಿಗ್ಗೆ ಅದನ್ನು ದೇಶಕ್ಕೆ ಸಾರಿದ್ದು ಆಕಾಶವಾಣಿ. ಸರ್ಕಾರದ ಕಾರ್ಯಕ್ರಮಕ್ಕೆ ಸಹಕರಿಸಲಿಲ್ಲವೆಂದು 1976ರಲ್ಲಿ ಕಿಶೋರ್ ಕುಮಾರ್ ಹಾಡುಗಳು ರೇಡಿಯೊದಿಂದ ಮಾಯವಾದವು. 1977ರ ಫೆಬ್ರುವರಿಯಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ಸಭೆ ಇದ್ದ ದಿನ, ಜನ ಮನೆಯಲ್ಲೇ ಕೂರಲಿ ಎಂದು ದೂರದರ್ಶನ 'ಬಾಬಿ' ಸಿನಿಮಾ ಹಾಕಿತು. ಜನ ಸಭೆಗೇ ಹೋದರು, ಅದು ಬೇರೆ ಮಾತು. ಲೈಸೆನ್ಸ್ ಶುಲ್ಕ ಕೊಟ್ಟವರು ನಾವು, ಆದರೆ ಆಕಾಶವಾಣಿ ಆಗ ಸರ್ಕಾರದ ಒಂದು ಇಲಾಖೆ. ಕೀಲಿ ಸಚಿವರ ಜೇಬಿನಲ್ಲಿತ್ತು.

ಹಾಗೆಂದು ಸರ್ಕಾರದ ಹಣವೇ ಬೇಡ ಎನ್ನಲೂ ಆಗದು. ಕನ್ನಡ ನಾಡಿನಲ್ಲಿ ರೇಡಿಯೊ ಹುಟ್ಟಿದ್ದೇ ಸರ್ಕಾರದ ಹಣವಿಲ್ಲದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಮೂವತ್ತು ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರುಮಾಡಿದರು. ಮುಂದೆ ನಗರಸಭೆ ನೆರವಾಯಿತು. ಕೊನೆಗೆ 1942ರಲ್ಲಿ ಮೈಸೂರು ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಒಬ್ಬ ಮೇಷ್ಟರ ಸಂಬಳದಲ್ಲಿ ನಿಲಯ ಹುಟ್ಟಬಹುದು, ಬಾಳಲಾರದು. ಸಾರ್ವಜನಿಕ ಪ್ರಸಾರಕ್ಕೆ ಸಾರ್ವಜನಿಕ ಹಣ ಬೇಕೇ ಬೇಕು. ಆ ಚರ್ಚೆ ನಮ್ಮಲ್ಲಿ ಎಂಬತ್ತು ವರ್ಷದ ಹಿಂದೆಯೇ ಮುಗಿದಿದೆ.

ಕೀಲಿಯನ್ನು ಕೈಬದಲಾಯಿಸುವ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1966ರಲ್ಲೇ ಚಂದಾ ಸಮಿತಿ ಆಕಾಶವಾಣಿಗೂ ಟಿವಿಗೂ ಪ್ರತ್ಯೇಕ ನಿಗಮ ಬೇಕೆಂದಿತ್ತು. ತುರ್ತು ಪರಿಸ್ಥಿತಿಯ ಬಿಸಿ ಆರುವ ಮುನ್ನ ಜನತಾ ಸರ್ಕಾರ ನೇಮಿಸಿದ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ 'ಆಕಾಶ್ ಭಾರತಿ' ಎಂಬ ಸ್ವತಂತ್ರ ಟ್ರಸ್ಟ್ ರಚಿಸಿ ಎಂದು ಶಿಫಾರಸು ಮಾಡಿತು. 1979ರಲ್ಲಿ ಬಂದ ಮಸೂದೆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ವಿ.ಪಿ. ಸಿಂಗ್ ಕಾಲದಲ್ಲಿ, 1990ರಲ್ಲಿ, ಪ್ರಸಾರ ಭಾರತಿ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆಮೇಲೆ ಏಳು ವರ್ಷ ಅದು ಕಪಾಟಿನಲ್ಲೇ ಕೂತಿತ್ತು. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಆಸ್ತಿಯಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿದ ಮೇಲೂ ಎರಡು ವರ್ಷ ಹಿಡಿಯಿತು. 1997ರ ನವೆಂಬರಿನಲ್ಲಿ ನಿಗಮ ಅಸ್ತಿತ್ವಕ್ಕೆ ಬಂತು.

ಬಂದ ನಿಗಮದ ಕಾಯ್ದೆಯನ್ನು ಓದಿದರೆ ಖಜಾನೆಯವನ ಕಣ್ಣಿಗೆ ಬೇರೆಯದೇ ಚಿತ್ರ ಕಾಣುತ್ತದೆ. 17ನೇ ಕಲಮು ಹಣದ್ದು. ಪ್ರತಿ ವರ್ಷ ಸಂಸತ್ತಿನ ಒಪ್ಪಿಗೆ ಪಡೆದು ಕೇಂದ್ರ ಸರ್ಕಾರ ತನಗೆ ಅಗತ್ಯ ಕಂಡಷ್ಟು ಹಣ ಕೊಡಬೇಕು ಎಂಬುದು ಅದರ ಸಾರ. ಎಷ್ಟು ಕೊಡಬೇಕೆಂಬುದಕ್ಕೆ ಸೂತ್ರವಿಲ್ಲ, ಯಾವ ತಾರೀಖಿನೊಳಗೆ ಎಂಬುದೂ ಇಲ್ಲ. ಸಿಬ್ಬಂದಿಯ ಸೇವಾ ಷರತ್ತುಗಳ ನಿಬಂಧನೆಗೆ ಕೇಂದ್ರದ ಪೂರ್ವಾನುಮತಿ ಬೇಕು. 23ನೇ ಕಲಮಿನಡಿ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣ ಕೊಟ್ಟು ಸರ್ಕಾರ ನಿರ್ದೇಶನ ನೀಡಬಹುದು. ಇವೆಲ್ಲ ಚಾಲ್ತಿಯಲ್ಲಿವೆ. ಇದೇ ಕಾಯ್ದೆಯ 13ನೇ ಕಲಮು, ಲೋಕಸಭೆಯ ಹದಿನೈದು ಮತ್ತು ರಾಜ್ಯಸಭೆಯ ಏಳು ಸದಸ್ಯರ ಸಂಸದೀಯ ಸಮಿತಿಯೊಂದು ನಿಗಮದ ಮೇಲ್ವಿಚಾರಣೆ ಮಾಡಬೇಕು ಎನ್ನುತ್ತದೆ. 14ನೇ ಕಲಮು, ಕೇಳುಗರ ದೂರು ಆಲಿಸಲು ಪ್ರಸಾರ ಪರಿಷತ್ತು ಬೇಕು ಎನ್ನುತ್ತದೆ. ಸಂಸತ್ತಿಗೆ ಮತ್ತು ಜನರಿಗೆ ಹಿಡಿತ ಕೊಡುವ ಈ ಎರಡು ಕಲಮುಗಳು ಮಾತ್ರ ಕಾಗದದಲ್ಲೇ ಉಳಿದವು. ಕಾಯ್ದೆಯಲ್ಲೇ ಹೇಳಿದ್ದ ನೇಮಕಾತಿ ಮಂಡಳಿ ರಚನೆಯಾಗಲು 2020 ಬರಬೇಕಾಯಿತು. ಅಷ್ಟರಲ್ಲಿ ಕಾಯಂ ನೌಕರರು ಒಬ್ಬೊಬ್ಬರಾಗಿ ನಿವೃತ್ತರಾಗಿ, ಎಷ್ಟೋ ನಿಲಯಗಳು ಕ್ಯಾಶುವಲ್ ಉದ್ಘೋಷಕರ ಮೇಲೆ ನಿಂತಿದ್ದವು. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ತನ್ನ ಹೆಸರಿರುತ್ತದೋ ಇಲ್ಲವೋ ಎಂದು ಕಾಯುವವರಿಂದ ಧೈರ್ಯ ಬಯಸುವುದು ನ್ಯಾಯವಲ್ಲ.

ಸಚಿವಾಲಯದ ಈ ಹಿಡಿತದ ಫಲವನ್ನು ಎಲ್ಲ ಪಕ್ಷಗಳೂ ಉಂಡಿವೆ, ಎಲ್ಲ ಪಕ್ಷಗಳೂ ಅದರಿಂದ ಪೆಟ್ಟು ತಿಂದಿವೆ. 2014ರ ಚುನಾವಣೆಯ ಹೊತ್ತಿನಲ್ಲಿ, ಯುಪಿಎ ಇನ್ನೂ ಅಧಿಕಾರದಲ್ಲಿದ್ದಾಗ, ನರೇಂದ್ರ ಮೋದಿಯವರ ಸಂದರ್ಶನಕ್ಕೆ ದೂರದರ್ಶನ ಕತ್ತರಿ ಹಾಕಿತೆಂದು ಬಿಜೆಪಿ ಕೂಗಾಡಿತು. ಸುದ್ದಿ ವಿಭಾಗಕ್ಕೂ ಸಚಿವಾಲಯಕ್ಕೂ ಇರುವ ಹಳೆಯ ನಂಟನ್ನು ಬಿಡಿಸಲು ತನಗೆ ಸಾಧ್ಯವಾಗಿಲ್ಲವೆಂದು ಅಂದಿನ ಸಿಇಒ ಜವಾಹರ್ ಸರ್ಕಾರ್ ಅವರೇ ಮಂಡಳಿಯ ಸದಸ್ಯರಿಗೆ ಪತ್ರ ಬರೆದರು. ಸರ್ಕಾರ ಬದಲಾಯಿತು. ಅದೇ ವರ್ಷದ ವಿಜಯದಶಮಿಗೆ ಆರ್‌ಎಸ್‌ಎಸ್ ಸರಸಂಘಚಾಲಕರ ಭಾಷಣ ದೂರದರ್ಶನದಲ್ಲಿ ನೇರ ಪ್ರಸಾರವಾಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಧ್ವನಿಮುದ್ರಿತ ಭಾಷಣವನ್ನು, ಬದಲಾಯಿಸಿ ಕೊಡದಿದ್ದರೆ ಪ್ರಸಾರ ಮಾಡಲಾಗದು ಎಂದು ತಿಳಿಸಲಾಯಿತು. ಚುನಾಯಿತ ಮುಖ್ಯಮಂತ್ರಿಯೊಬ್ಬರ ಸ್ವಾತಂತ್ರ್ಯೋತ್ಸವದ ಭಾಷಣ! ವಿರೋಧ ಪಕ್ಷದಲ್ಲಿದ್ದಾಗ ಸ್ವಾಯತ್ತತೆಯ ಬಗ್ಗೆ ಉಪನ್ಯಾಸ ಕೊಡುವವರು ಸಚಿವಾಲಯದ ಕುರ್ಚಿಯಲ್ಲಿ ಕೂತ ಮರುದಿನ ಆ ಉಪನ್ಯಾಸದ ಪ್ರತಿಯನ್ನು ಕಳೆದುಕೊಳ್ಳುತ್ತಾರೆ.

ಯಾರೂ ನೋಡದ ಚಾನೆಲ್ಲು ಎಂಬ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದ ಹಾಗೆ ಹಾಕಬೇಕು. ಅಂದರೆ ರೇಡಿಯೊದಲ್ಲಿ ಸುದ್ದಿ ಎಂದರೆ ಒಂದೇ ಬಾಯಿ. ಇಷ್ಟು ದೊಡ್ಡ ದೇಶದಲ್ಲಿ ಒಂದೇ ಬಾಯಿಗೆ ಸುದ್ದಿಯ ಹಕ್ಕು ಕೊಟ್ಟು, ಆ ಬಾಯಿಯ ತುತ್ತನ್ನು ಒಂದು ಸಚಿವಾಲಯದ ಕೈಗಿಟ್ಟಿದ್ದೇವೆ. ಇನ್ನು ಸುದ್ದಿಯಾಚೆಗಿನದು: ಮಂಗಳೂರು ನಿಲಯದ ತುಳು, ಕೊಂಕಣಿ ಕಾರ್ಯಕ್ರಮಗಳು, ಮಡಿಕೇರಿಯ ಕೊಡವ ಕಾರ್ಯಕ್ರಮಗಳು, ಧಾರವಾಡ ನಿಲಯ ದಶಕಗಳಿಂದ ಕೂಡಿಟ್ಟ ಹಿಂದೂಸ್ತಾನಿ ಗಾಯನದ ಧ್ವನಿಮುದ್ರಣ. ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಿಂದ ನಡೆದುಬಂದಿದೆ. ಅಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಪುಸ್ತಕ. ಪುಸ್ತಕ ಬಹುಮಾನ ಕೊಡುವ ಕಾರ್ಯಕ್ರಮಕ್ಕೆ ಜಾಹೀರಾತುದಾರರು ಸಾಲುಗಟ್ಟಿ ನಿಲ್ಲುತ್ತಾರೆಂದು ನಂಬುವಷ್ಟು ಮುಗ್ಧ ನಾನಲ್ಲ. ಸಾರ್ವಜನಿಕ ಹಣ ಇರುವುದೇ ಇಂಥದ್ದಕ್ಕೆ.

ಹಾಗಾದರೆ ತಾನೇ ದುಡಿದುಕೊಳ್ಳಲಿ ಎನ್ನುವವರು ಡಿಡಿ ಫ್ರೀ ಡಿಶ್ ಕಡೆ ಬೆರಳು ತೋರಿಸುತ್ತಾರೆ. 2004ರಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ನಮ್ಮ ಕಡೆಯ ಹಳ್ಳಿಗಳ ಮಾಡುಗಳ ಮೇಲೆ ಕಾಣುವ ಕೊಡೆಗಳಲ್ಲಿ ಎಷ್ಟೋ ಇದರವೇ. ಅದರಲ್ಲಿ ಜಾಗ ಪಡೆಯಲು ಖಾಸಗಿ ಚಾನೆಲ್ಲುಗಳು ಹರಾಜಿನಲ್ಲಿ ಕೋಟಿಗಟ್ಟಲೆ ಕೂಗುತ್ತವೆ. ಆ ವರಮಾನ ಒಳ್ಳೆಯದೇ, ಬರಲಿ. ಆದರೆ ಅದನ್ನೇ ನೆಚ್ಚಿದರೆ ಹರಾಜಿನಲ್ಲಿ ಹೆಚ್ಚು ಕೂಗಿದವರ ಸಿನಿಮಾ ಚಾನೆಲ್ಲು ಮೊದಲು, ಮಡಿಕೇರಿಯ ಕೊಡವ ಹಾಡು ಕೊನೆಗೆ. ಸಚಿವರ ಮರ್ಜಿಯ ಜಾಗಕ್ಕೆ ಮಾರುಕಟ್ಟೆಯ ಮರ್ಜಿ ಬಂದು ಕೂರುತ್ತದೆ, ಅಷ್ಟೆ.

ಹೊರದೇಶಗಳ ಲೆಕ್ಕ ನೋಡಿದರೂ ಇದೇ ಪಾಠ. ಬಿಬಿಸಿಗೆ ಟಿವಿ ನೋಡುವ ಮನೆಗಳು ಲೈಸೆನ್ಸ್ ಶುಲ್ಕ ಕಟ್ಟುತ್ತವೆ. ಆದರೆ ಶುಲ್ಕ ಎಷ್ಟೆಂದು ಹೇಳುವುದು ಸರ್ಕಾರ. 2022ರಲ್ಲಿ ಅದು ಶುಲ್ಕವನ್ನು ಎರಡು ವರ್ಷ 159 ಪೌಂಡಿಗೆ ಕಟ್ಟಿಹಾಕಿತು, ಬೆಲೆ ಏರಿದ ಹೊರೆಯೆಲ್ಲ ಬಿಬಿಸಿಯ ತಲೆಗೆ. ಅಮೆರಿಕದಲ್ಲಿ 1967ರ ಕಾನೂನಿನಡಿ ಹುಟ್ಟಿದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷದ ಹಣ ಮುಂಚಿತವಾಗಿ ಮಂಜೂರಾಗುತ್ತಿತ್ತು. 2025ರ ಜುಲೈಯಲ್ಲಿ ಅಲ್ಲಿನ ಕಾಂಗ್ರೆಸ್, ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನೇ ವಾಪಸು ಪಡೆಯಿತು. ಮುಂದಿನ ತಿಂಗಳೇ ನಿಗಮ ಬಾಗಿಲು ಮುಚ್ಚುವ ಸಿದ್ಧತೆ ಪ್ರಕಟಿಸಿತು. ದೊಡ್ಡ ನಗರದ ನಿಲಯಗಳು ದೇಣಿಗೆಯಲ್ಲಿ ಉಸಿರು ಹಿಡಿದಾವು, ಹಳ್ಳಿಗಾಡಿನ ಸಣ್ಣ ನಿಲಯಗಳಿಗೆ ಆ ದಾರಿಯೂ ಕಿರಿದು. ಜರ್ಮನಿಯ ಕಥೆ ಬೇರೆ. ಅಲ್ಲಿ ಪ್ರಸಾರ ಸಂಸ್ಥೆಗಳಿಗೆ ಎಷ್ಟು ಬೇಕೆಂದು ಲೆಕ್ಕ ಹಾಕುವುದು ಒಂದು ಸ್ವತಂತ್ರ ಆಯೋಗ. ಮನೆಯೊಂದರ ತಿಂಗಳ ವಂತಿಗೆಯನ್ನು 17.50 ಯೂರೊದಿಂದ 18.36ಕ್ಕೆ ಏರಿಸಲು ಅದು ಹೇಳಿತು. ಸ್ಯಾಕ್ಸನಿ-ಆನ್‌ಹಾಲ್ಟ್ ಎಂಬ ಒಂದು ರಾಜ್ಯ ಒಪ್ಪಿಗೆ ಕೊಡದೆ ಕೂತಿತು. 2021ರ ಆಗಸ್ಟಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಹೀಗೆ ತಡೆಯುವುದು ಪ್ರಸಾರ ಸ್ವಾತಂತ್ರ್ಯದ ಉಲ್ಲಂಘನೆ ಎಂಬ ತೀರ್ಪು ಪ್ರಕಟಿಸಿತು. 86 ಸೆಂಟಿನ ಜಗಳದಲ್ಲಿ ಒಂದು ದೇಶ, ತಡೆಯುವ ಕೈಯನ್ನೇ ಸ್ವಾತಂತ್ರ್ಯದ ಪ್ರಶ್ನೆಯಾಗಿ ನೋಡಿತು.

ನಮಗೆ ಇದಕ್ಕಾಗಿ ಜರ್ಮನಿಯಿಂದ ಏನನ್ನೂ ತರಬೇಕಿಲ್ಲ. ನಮ್ಮ ಸಂವಿಧಾನದಲ್ಲೇ ದಾರಿಯಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೂ ಮಹಾಲೇಖಪಾಲರಿಗೂ ಸಂಬಳ ಬರುವುದು ಸರ್ಕಾರದ ಖಜಾನೆಯಿಂದಲೇ. ಅವರನ್ನು ಯಾರೂ ಸರ್ಕಾರದ ಅನ್ನ ಉಂಡವರು ಎನ್ನುವುದಿಲ್ಲ. ಕಾರಣ, ಅವರ ಸಂಬಳ 'ಪ್ರಭೃತ ವೆಚ್ಚ'. ಅದು ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುತ್ತದೆ, ವರ್ಷವರ್ಷ ಸದನದ ಮತಕ್ಕೆ ಹೋಗುವುದಿಲ್ಲ. ಸಂವಿಧಾನದ 112ನೇ ವಿಧಿ, ಸಂಸತ್ತು ಕಾನೂನಿನ ಮೂಲಕ ಘೋಷಿಸಿದ ಬೇರೆ ವೆಚ್ಚವನ್ನೂ ಈ ಪಟ್ಟಿಗೆ ಸೇರಿಸಲು ಅವಕಾಶ ಕೊಡುತ್ತದೆ. ತಿದ್ದುಪಡಿ ಬೇಡ, ಸಾಮಾನ್ಯ ಕಾನೂನು ಸಾಕು. ಪ್ರಸಾರ ಭಾರತಿಯ ಸಂಬಳ ಮತ್ತು ಮೂಲ ವೆಚ್ಚವನ್ನು ಪ್ರಭೃತ ಎಂದು ಘೋಷಿಸಲಿ. ಮೊತ್ತವನ್ನು ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗದಂಥ ಸ್ವತಂತ್ರ ಸಮಿತಿ ನಿಗದಿ ಮಾಡಲಿ. ಇಷ್ಟೇ ಮಾಡಿದರೆ ಪೂಜಾರಿ ಇನ್ನೂ ಬಾಗಿಲಲ್ಲೇ ಇರುತ್ತಾನೆ, ಏಕೆಂದರೆ ಪ್ರಭೃತ ಹಣಕ್ಕೂ ಬಿಡುಗಡೆಯ ಕಡತ ಬೇಕು. ಆದ್ದರಿಂದ ಮೂರು ತಿಂಗಳಿಗೊಂದು ಕಂತು, ಕಾನೂನಿನಲ್ಲೇ ಬರೆದ ತಾರೀಖಿಗೆ, ಯಾರ ಸಹಿಗೂ ಕಾಯದೆ ಜಮೆಯಾಗಬೇಕು. ಹೊಸ ಟ್ರಾನ್ಸ್‌ಮಿಟರು, ಹೊಸ ಸ್ಟುಡಿಯೊ ಮುಂತಾದ ಯೋಜನೆಗಳಿಗೆ ಸರ್ಕಾರ ಬೇರೆ ಹಣ ಕೊಡಲಿ. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ 2,539 ಕೋಟಿ ರೂಪಾಯಿಯ ಯೋಜನೆ ಅಂಥದ್ದು. ಅದಕ್ಕೆ ಷರತ್ತು ಹಾಕುವುದರಲ್ಲಿ ತಪ್ಪಿಲ್ಲ. ಯಂತ್ರಕ್ಕೆ ಹಾಕುವ ಷರತ್ತು ವಾರ್ತೆ ಬರೆಯುವವರ ಸಂಬಳದ ತನಕ ಬರಬಾರದು.

ಹೀಗೆ ಬಿಟ್ಟರೆ ಲಗಾಮಿಲ್ಲದಂತಾಗುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ ಹಳೆಯ ಕಾಯ್ದೆಯಲ್ಲೇ ಇದೆ. 13ನೇ ಕಲಮಿನ ಸಂಸದೀಯ ಸಮಿತಿಯನ್ನು ರಚಿಸಿ, 14ನೇ ಕಲಮಿನ ಪರಿಷತ್ತನ್ನು ರಚಿಸಿ, ಮಹಾಲೇಖಪಾಲರ ಲೆಕ್ಕ ತಪಾಸಣೆ ಹೇಗೂ ಇದೆ. ಖರ್ಚಾದ ಮೇಲೆ ಪೈಸೆ ಪೈಸೆಗೂ ಲೆಕ್ಕ ಕೇಳಿ. ಆಡಿಟ್ ಎಂದರೆ ಅದೇ. ಖರ್ಚಿಗೆ ಮುಂಚೆ ಚೀಲದ ಬಾಯಿ ಹಿಡಿದುಕೊಂಡು ಕೂರುವುದಕ್ಕೆ ಆಡಿಟ್ ಎನ್ನುವುದಿಲ್ಲ. ಹಣದ ಭಯ ಹೋದ ಮಾತ್ರಕ್ಕೆ ಎಲ್ಲರೂ ನೇರ ನಡೆಯುತ್ತಾರೆಂಬ ಭ್ರಮೆ ನನಗಿಲ್ಲ. ಅಳುಕಿನಲ್ಲಿ ಬೆಳೆದ ಸುದ್ದಿಮನೆಗೆ ಬೆನ್ನು ನೇರ ಮಾಡಲು ವರ್ಷಗಳೇ ಹಿಡಿದಾವು. ಆದರೆ ಸಂಬಳದ ತಾರೀಖು ಸಚಿವಾಲಯದ ಕಡತದಲ್ಲಿರುವ ತನಕ ಆ ಅಭ್ಯಾಸ ಶುರುವೂ ಆಗದು.

ಕರ್ನಾಟಕದಿಂದ ಲೋಕಸಭೆಗೆ ಇಪ್ಪತ್ತೆಂಟು, ರಾಜ್ಯಸಭೆಗೆ ಹನ್ನೆರಡು ಮಂದಿ ಹೋಗಿದ್ದಾರೆ. ಅವರಲ್ಲಿ ಯಾರಾದರೊಬ್ಬರು, ಯಾವ ಪಕ್ಷದವರಾದರೂ ಸರಿ, ಮುಂದಿನ ಅಧಿವೇಶನದಲ್ಲಿ ವಾರ್ತಾ ಸಚಿವರಿಗೆ ಎರಡು ಲಿಖಿತ ಪ್ರಶ್ನೆ ಹಾಕಲಿ. ಕಳೆದ ಐದು ವರ್ಷಗಳಲ್ಲಿ ಸಂಬಳದ ಪ್ರತಿ ಕಂತಿಗೆ ಪ್ರಸಾರ ಭಾರತಿಯಿಂದ ಯಾವ ತಾರೀಖಿಗೆ ಬೇಡಿಕೆ ಬಂತು, ಯಾವ ತಾರೀಖಿಗೆ ಅದು ಬಿಡುಗಡೆಯಾಯಿತು? 13ನೇ ಕಲಮಿನ ಸಮಿತಿ ಯಾವಾಗ ರಚನೆಯಾಗುತ್ತದೆ? ಭಾಷಣ ಬೇಡ, ತಾರೀಖುಗಳು ಸಾಕು. ಅವು ಸದನದ ದಾಖಲೆಗೆ ಬಂದರೆ, ಎರಡು ತಾರೀಖಿನ ನಡುವೆ ಎಷ್ಟು ದಿನ ಎಂದು ಕಳೆದು ತೋರಿಸಲು ನಮ್ಮಂಥ ನಿವೃತ್ತ ಗುಮಾಸ್ತರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.